ಹಿಮ್ಮಡಿಯ ಗಾಯ

ರಾಣೆಬೆನ್ನೂರು, ೪ ಫೆಬ್ರುವರಿ ೧೯೪೭. ಬೆಳಗಿನ ಐದು ಗಂಟೆ.

ತಂಬಿಗೆ ಉರುಳಿದ ಸಪ್ಪಳಕ್ಕೆ ಎಚ್ಚರ. ಮಗಳು ವತ್ಸಲಾ ಮತ್ತೆ ನೀರು ಕುಡಿಯಲು ಎದ್ದಿದ್ದಳು. ನಾಲ್ಕನೆಯ ಸಲ. ಮೂತ್ರ ಹಿಡಿದು, ನೀಲಿ ಔಷಧದಲ್ಲಿ ಎಂಟು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದೆ. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಉಳಿಯಲಿಲ್ಲ — ಇಟ್ಟಂಗಿ ಬಣ್ಣ.

ಶನಿವಾರ ಅಂಗಳದಲ್ಲಿ ಗಾಜು ತುಳಿದಳು. ಹಿಮ್ಮಡಿಯಲ್ಲಿ ಜೋಳದ ಕಾಳಿನಷ್ಟು ಗಾಯ. ಬೇರೆ ಮಕ್ಕಳು ಸಂಜೆಗೆ ಮರೆತುಬಿಡುತ್ತಿದ್ದರು. ನನ್ನ ಆರು ವರ್ಷದವಳಿಗೆ ಮಧುಮೇಹ. "ಗಾಯ ಕೆಟ್ಟರ ಸಕ್ಕರಿ ಏರ್ತದ, ಹುಷಾರಿ" ಎಂದು ಹಾವೇರಿಯ ವಿರೂಪಾಕ್ಷಪ್ಪ ಡಾಕ್ಟರರು ಎಂದೋ ಹೇಳಿದ್ದರು. ಅವರಿಗೆ ಕಾಗದ ಬರೆಯಬೇಕು.

೭ ಫೆಬ್ರುವರಿ

ಡಾಕ್ಟರರ ಉತ್ತರ — ಬಣ್ಣ ಇಳಿಯುವ ತನಕ ಇನ್ಸುಲಿನ್ ದಿನಕ್ಕೆರಡು ಯುನಿಟ್ ಏರಿಸುತ್ತ ಹೋಗಿರಿ.

ಪಟ್ಟಿ ನಾನು ಬಿಚ್ಚಿದರೆ ಚೀರಾಟ. ಅತ್ತೆಯವರು ಬಿಚ್ಚಿದರೆ ಸುಮ್ಮನಿರುತ್ತಾಳೆ. ಆ ಕೆಲಸ ಅವರಿಗೇ ಬಿಟ್ಟಿದ್ದೇನೆ.

ಸೂಜಿ ಕುದಿಸುವಾಗ ಅಂದರು: "ಕೂಸಿನ ಮೈ ಜರಡಿ ಮಾಡೀದಿ. ಕಾಲೇಜಿನ್ಯಾಗ ಇದನ್ನ ಕಲ್ತಿ ಏನವಾ?"

"ಅಜ್ಜಿಗೂ ಒಂದು ಚುಚ್ಚವಾ" ಎಂದಳು ವತ್ಸಲಾ. ಮೂವರೂ ನಕ್ಕೆವು. ಆಮೇಲೆ ಬಚ್ಚಲಲ್ಲಿ ಒಬ್ಬಳೇ ನಿಂತು ಅಳು...

೧೧ ಫೆಬ್ರುವರಿ

ಗಾಯ ಒಣಗುತ್ತಿದೆ. ಕೀವಿಲ್ಲ, ಬಾವಿಲ್ಲ. ಬಣ್ಣ ಮಾತ್ರ ಅದೇ. ಹದಿನಾಲ್ಕು ಯುನಿಟ್ ಇದ್ದದ್ದು ಇಪ್ಪತ್ತನಾಲ್ಕು. ಒಳಗೊಳಗೇ ಕೆಡುತ್ತಿದೆಯೇ? ಕಾಲು — ಬೇಡ, ಬರೆಯಲಾರೆ. ಇವರು ಕೇಸಿಗೆಂದು ಬೆಳಗಾವಿಯಲ್ಲಿ. ಅತ್ತೆಯವರು ಮಧ್ಯಾಹ್ನ ಮೋಟೆಬೆನ್ನೂರಿಗೆ ಹೋದರು, ಮಗಳ ಬಾಣಂತನಕ್ಕೆ.

೧೨ ಫೆಬ್ರುವರಿ, ಸಂಜೆ

ಪಟ್ಟಿ ನಾನೇ ಬಿಚ್ಚಿದೆ. ಚೀರಿದಳು. ಆಮೇಲೆ ಅಂಗೈ ಚಾಚಿದಳು. ಏನು ಬೇಕೆಂದು ತಿಳಿಯಲಿಲ್ಲ.

ನಾಲ್ಕಕ್ಕೆ ಮೈಯೆಲ್ಲ ಬೆವರು, ನಡುಕ. ನಾನು ಯಾರೋ ಎಂಬಂತೆ ನೋಡಿ ನಕ್ಕಳು. ಇನ್ಸುಲಿನ್ ಹೆಚ್ಚಾದ ಗುರುತು! ಚಮಚದಿಂದ ಸಕ್ಕರೆ ನೀರು ಹಾಕಿದೆ. ಕಾಲು ಗಂಟೆಗೆ "ಅವ್ವಾ" ಎಂದಳು. ಸಕ್ಕರೆಯ ಬಟ್ಟಲು ನೋಡಿ ಬಾಯಿಬಿಟ್ಟಳು:

"ಅಜ್ಜಿನೂ ಕೊಡ್ತಿದ್ಲು. ಪಟ್ಟಿ ಬಿಚ್ಚಿದ ಮ್ಯಾಲ ದಿನಾ ಒಂದು ಮುಟಿಗಿ. ನಿಮ್ಮವ್ವಗ ಹೇಳಬ್ಯಾಡ ಅಂದಿದ್ಲು."

ಬಿದ್ದು ಅತ್ತ ಮಗುವಿನ ಬಾಯಿಗೆ ಸಕ್ಕರೆ. ನಮ್ಮವ್ವನೂ ನನಗೆ ಹಾಕುತ್ತಿದ್ದಳು. ಯಾರನ್ನು ಬೈಯಲಿ? ಗಾಯಕ್ಕೆಂದು ನಾನು ಏರಿಸಿದ ಇನ್ಸುಲಿನ್ ಎಲ್ಲ ಹೋದದ್ದು ಆ ಮುಟಿಗೆ ಸಕ್ಕರೆಗೆ. ಇವತ್ತು ಅಜ್ಜಿಯ ಸಕ್ಕರೆ ಇಲ್ಲ. ಇಪ್ಪತ್ತಾರು ಯುನಿಟ್ ಮೈಯೊಳಗಿದೆ. ಇಡೀ ದಿನ ಕೆಲಸ ಮಾಡುವ ಔಷಧ.

ರಾತ್ರಿ ಹತ್ತು

ಮತ್ತೆ ಬೆವರು. ಸಕ್ಕರೆ ನೀರೆಲ್ಲ ವಾಂತಿ. ಒಸಡಿಗೆ ಬೆಲ್ಲ ತಿಕ್ಕುತ್ತಿದ್ದೇನೆ. ಕರೆದರೆ ಓ ಎನ್ನುವುದಿಲ್ಲ. ಬಿಟ್ಟು ಹೊರಡಲಾರೆ. ಪಕ್ಕದ ಮನೆಯ, ಟಾಂಗಾ ಹೊಡೆಯುವ ಅಲ್ಲಾಬಕ್ಷನನ್ನು ಕೂಗಿದೆ. ಅರಳೆ ಅಡತಿ ಅಂಗಡಿಯಲ್ಲಿ ಫೋನಿದೆ. "ಔಷಧದ ಮಾತು ನನಗ ಹೇಳಾಕ ಬರಂಗಿಲ್ಲ ಬಾಯಾರ, ಬರದು ಕೊಡ್ರಿ. ಕುದುರಿ ಓಡಿಸ್ತೇನಿ" ಎಂದು ಬಾಗಿಲಲ್ಲೇ ನಿಂತಿದ್ದಾನೆ. ಬೇರೆ ಕಾಗದ ಹುಡುಕಲು ಹೊತ್ತಿಲ್ಲ. ಈ ಪುಟವನ್ನೇ ಹರಿದು ಕೊಡುತ್ತೇನೆ.

ಅಂಗಡಿಯಲ್ಲಿ ಇದನ್ನು ಓದುವವರೇ — ಮೇಲಿನದು ಬಿಡಿರಿ. ಹಾವೇರಿಗೆ ಫೋನ್ ಮಾಡಿರಿ, ವಿರೂಪಾಕ್ಷಪ್ಪ ಡಾಕ್ಟರರಿಗೆ. ರಾಣೆಬೆನ್ನೂರಿನ ವತ್ಸಲಾಗೆ ಇನ್ಸುಲಿನ್ ಇಪ್ಪತ್ತಾರು ಯುನಿಟ್ ಹೋಗಿದೆ, ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲ ಎನ್ನಿರಿ. ಮಲಗಿದ್ದರೆ ಎಬ್ಬಿಸಿರಿ. ಬೆಳಗಾಗಲಿ ಎನ್ನಬೇಡಿರಿ, ನಿಮ್ಮ ಕಾಲಿಗೆ ಬೀಳುತ್ತೇನೆ, ಈಗಲೇ