ನಾನು ತಿದ್ದಿದ ಒಂದು ಪದ

ಮಾರ್ಚ್ ೧೪, ಬೆಳಿಗ್ಗೆ

ಪುಟ್ಟಿಯ ಪೂಜ್ಯ ಅಜ್ಜಿಯವರಿಗೂ ಮನೆಯ ಹಿರಿಯರೆಲ್ಲರಿಗೂ ಚಿತ್ರಶಾಲೆಯ ಮೇಷ್ಟರ ನಮಸ್ಕಾರಗಳು.

ದುಃಖದ ಮನೆಗೆ ಹೇಳದೆ ಬಂದವನನ್ನು ಮೊನ್ನೆ ತಾವು ಒಳಗೆ ಕರೆದು ಕೂರಿಸಿದಿರಿ, ಅದಕ್ಕೆ ಕೃತಜ್ಞ. ಆಡಬೇಕಾದ ಮಾತನ್ನು ಆಡದೆ ಎದ್ದುಬಂದೆ. ಅದಕ್ಕೇ ಈ ಪತ್ರ.

ನನ್ನೆದುರೇ ತಾವು ಮೊಮ್ಮಗಳತ್ತ ಕೈ ತೋರಿಸಿ, "ಐದು ವರ್ಷಕ್ಕೇ ಎಂಥ ಸುಳ್ಳಿ ನೋಡಿ ಮೇಷ್ಟ್ರೇ. ಪಕ್ಕದ ಮನೆಯವಳು ಬಾಗಿಲು ತಟ್ಟಿದ್ರೆ, ಅಮ್ಮ ಮಲಗಿದಾಳೆ ಅಂತ ಹೇಳಿ ಕಳಿಸಿಬಿಟ್ಲು. ಆಗಲೇ ಬಾಯಿಬಿಟ್ಟಿದ್ರೆ ನನ್ನ ಮಗಳು ಉಳೀತಿದ್ಲು," ಎಂದಿರಿ. ಮಗು ಗೋಡೆಗೆ ಮುಖ ಮಾಡಿ ಕೂತಿತ್ತು.

ಅದು ಸುಳ್ಳಲ್ಲ, ತಾಯಿ. ಆ ಪದವನ್ನು ಕಲಿಸಿದವನು ನಾನು.

ಶನಿವಾರಗಳಂದು ಪುಟ್ಟ ಮಕ್ಕಳನ್ನು ಚಿತ್ರಗಳ ಮುಂದೆ ಕೂರಿಸಿ, ಏನು ಕಾಣುತ್ತದೆಂದು ಕೇಳುವುದು ನನ್ನ ಕೆಲಸ. ಅವರ ಉತ್ತರವನ್ನು ತಿದ್ದಬಾರದೆಂಬುದು ನಾನೇ ಮಾಡಿಕೊಂಡ ನಿಯಮ. ಕಳೆದ ತಿಂಗಳ ಒಂದು ಶನಿವಾರದ ಚಿತ್ರದಲ್ಲಿ ಹಳದಿ ಬಟ್ಟೆಯ ಹೆಂಗಸೊಬ್ಬಳು ನೆಲದ ಮೇಲೆ ಕಣ್ಣು ಮುಚ್ಚಿ ಒರಗಿದ್ದಳು. "ಸೋಂಬೇರಿ, ಸ್ಕೂಲಿಗೆ ಲೇಟಾಗತ್ತೆ," ಎಂದಿತು ಒಂದು ಮಗು. ಎಲ್ಲರೂ ನಕ್ಕರು. ಪುಟ್ಟಿ ನಗಲಿಲ್ಲ.

"ಬಿದ್ದಿದಾಳೆ," ಎಂದಳು.

"ಇಲ್ಲ ಪುಟ್ಟಿ, ಮಲಗಿದಾಳೆ. ಮುಖ ಎಷ್ಟು ಶಾಂತವಾಗಿದೆ ನೋಡು," ಎಂದೆ. ಅವಳು ಒಪ್ಪಲಿಲ್ಲ. ಮತ್ತೆ ಮತ್ತೆ ಕೇಳಿದೆ. ಮೂರನೆಯ ಸಲ ನನ್ನ ಪದವನ್ನು ಹೇಳಿದಾಗ ಎಲ್ಲರಿಂದ ಚಪ್ಪಾಳೆ ತಟ್ಟಿಸಿದೆ.

ಹನ್ನೆರಡು ದಿನಗಳ ನಂತರ ಅಡುಗೆಮನೆಯ ನೆಲದ ಮೇಲೆ ಅವಳು ತಾಯಿಯನ್ನು ನೋಡಿದಳು. ಕಣ್ಣು ಮುಚ್ಚಿತ್ತು, ಮುಖ ಶಾಂತವಾಗಿತ್ತು. ಬಾಗಿಲು ತಟ್ಟಿದವರಿಗೆ ಮಗು ಚಪ್ಪಾಳೆ ಗಿಟ್ಟಿಸಿದ ಪದವನ್ನೇ ಹೇಳಿತು.

ಇನ್ನು ಯಾರೂ ಅವಳನ್ನು ಸುಳ್ಳಿ ಎನ್ನದಿರಲಿ. ತಪ್ಪು ಮೇಷ್ಟರದು, ನಿನ್ನದಲ್ಲ ಎಂದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿ. ಒಂದೇ ದಿನಕ್ಕೆ ನಂಬಲಾರಳು. ನಾಳೆಯೂ ಹೇಳಬೇಕು, ನಾಡಿದ್ದೂ ಹೇಳಬೇಕು. ನಾನೂ ಬಂದು ಅವಳೆದುರು ಒಪ್ಪಿಕೊಳ್ಳುತ್ತೇನೆ. ಮಾತು ಬಿಟ್ಟ ಮಕ್ಕಳು ಮತ್ತೆ ಮಾತಿಗೆ ಮರಳುತ್ತಾರೆಂಬ ಭರವಸೆಯನ್ನು ನಾನಿನ್ನೂ ಬಿಟ್ಟಿಲ್ಲ. ಈ ಕೆಲಸವನ್ನು ಇಂದೇ ಆರಂಭಿಸೋಣ.

ತಮ್ಮ ಕ್ಷಮೆಗೆ ಅರ್ಹನಲ್ಲದ,
ಪುಟ್ಟಿಯ ಚಿತ್ರದ ಮೇಷ್ಟ್ರು

ತಾ.ಕ.: ಒಂದು ಮಾತನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಎರಡನೆಯ ಸಲ ಅವಳು, "ಅಪ್ಪ ತಳ್ಳಿದ್ರು, ಅದಕ್ಕೇ ಬಿದ್ದಿದಾಳೆ," ಎಂದಿದ್ದಳು. ಚಿತ್ರದಲ್ಲಿ ಅಪ್ಪ ಎಲ್ಲಿದ್ದಾನೆ ಎಂದು ಕೇಳಿ ನಾನು ನಕ್ಕುಬಿಟ್ಟೆ. ಅಡುಗೆಮನೆಯಲ್ಲಿ ತಮ್ಮ ಮಗಳ ಕಾಲು ಜಾರಿತೆಂದು ಅಳಿಯ ಹೇಳಿದ್ದನ್ನು ತಾವು ನಂಬಿದ್ದೀರಿ. ಅವರು ಮಗುವನ್ನು ಕರೆದೊಯ್ಯಲು ಬಂದರೆ ಕಳಿಸಬೇಡಿ. ನಾನು ಪೊಲೀಸ್ ಠಾಣೆಗೆ ಹೊರಟಿದ್ದೇನೆ.