ಬಾಗಿಲು ತಟ್ಟಿದವಳನ್ನು ಅಲ್ಲೇ ನಿಲ್ಲಿಸಿದಿರಲ್ಲ

ಮಾನ್ಯ ಕಾರ್ಯಕ್ರಮಾಧಿಕಾರಿಗಳೇ,

ಕಥೆಯ ಕೊನೆಯ ನಾಲ್ಕು ಸಾಲು ಓದಲು ನಿಮ್ಮ ಕನ್ನಡ ರೇಡಿಯೊಗೆ ಪುರುಸೊತ್ತಿಲ್ಲ ಎಂದ ಮೇಲೆ, ಮೊದಲಿನ ನಾನೂರು ಸಾಲು ಓದುವ ಉಸಾಬರಿ ಯಾಕೆ ಬೇಕಿತ್ತು?

ಕಳೆದ ಗುರುವಾರ ಮೊಮ್ಮಗಳು ಸಮೀಕ್ಷಾಳ ಕಾರಿನಲ್ಲಿ ಅಹಮದಾಬಾದಿನಿಂದ ಸೂರತ್‌ಗೆ ಒಂದು ಸೀಮಂತಕ್ಕೆ ಹೊರಟಿದ್ದೆ. ಅವಳು ಹುಟ್ಟಿ ಬೆಳೆದದ್ದು ಇಲ್ಲೇ, ಕನ್ನಡ ಅರ್ಧಂಬರ್ಧ. ಅವಳ ಹಾಡುಗಳಿಂದ ನನಗೆ ತಲೆನೋವು ಬಂತೆಂದು ಮೊಬೈಲಿನಲ್ಲಿ ನಿಮ್ಮ ಕೇಂದ್ರ ಹಾಕಿಕೊಟ್ಟಳು. ಕಥೆ ಬರುತ್ತಿತ್ತು. ತವರಿನ ಈಳಿಗೆಮಣೆ ಯಾರಿಗೆ ಸೇರಬೇಕೆಂದು ಜಗಳವಾಡಿ ಹನ್ನೊಂದು ವರ್ಷ ಮಾತು ಬಿಟ್ಟ ಅಕ್ಕತಂಗಿಯರ ಕಥೆ. ಒಂದು ದಿನ ತಂಗಿ ಆ ಈಳಿಗೆಮಣೆಯನ್ನು ಹಳೆ ಸೀರೆಯಲ್ಲಿ ಸುತ್ತಿ, ಬಸ್ಸು ಹತ್ತಿ, ಕಂಡಕ್ಟರನಿಂದ ಬೈಸಿಕೊಂಡು ಅಕ್ಕನ ಮನೆಗೆ ಹೋಗುತ್ತಾಳೆ. ನಾನೇನೂ ಅಳಲಿಲ್ಲ, ಎ.ಸಿ. ಗಾಳಿ ಕಣ್ಣಿಗೆ ಹೊಡೆಯುತ್ತಿತ್ತು. ಸಮೀಕ್ಷಾ ಮಾತ್ರ ಕಾರನ್ನು ಎಷ್ಟು ನಿಧಾನ ಮಾಡಿದಳೆಂದರೆ ಹಿಂದಿನ ಲಾರಿಯವರು ಹಾರ್ನ್ ಒತ್ತಿ ಸುಸ್ತಾದರು. ತಂಗಿ ಬಾಗಿಲು ತಟ್ಟಿದಳು. ಒಳಗಿಂದ ಅಕ್ಕ "ಯಾರು?" ಎಂದಳು. ಅಷ್ಟರಲ್ಲಿ ನಿಮ್ಮವರು ಸಮಯದ ಅಭಾವ ಎಂದು ಹೇಳಿ ಸೊಳ್ಳೆಬತ್ತಿಯ ಜಾಹೀರಾತು ಹಾಕಿದರು. ಕಥೆ ಬರೆದವರ ಹೆಸರನ್ನೂ ಹೇಳಲಿಲ್ಲ.

"ಅಜ್ಜಿ, ಫಿರ್? ಆಮೇಲೆ ಏನಾಯ್ತು?"

ಇಪ್ಪತ್ತಮೂರು ವರ್ಷದಲ್ಲಿ ಆ ಹುಡುಗಿ ಕನ್ನಡದ ಕಥೆಯೊಂದಕ್ಕೆ ಆಮೇಲೆ ಏನು ಎಂದು ಕೇಳಿದ್ದು ಇದೇ ಮೊದಲು. ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿಲ್ಲ. ಬಾಗಿಲು ತೆಗೆದಳು, ಇನ್ನೇನು, ಎಂದುಬಿಟ್ಟೆ.

"ಹಂಗಾದ್ರೆ ವಡೋದರಾ ಅಜ್ಜೀನೂ ತೆಗೀತಾರೆ. ಎಕ್ಸಿಟ್ ಇಲ್ಲೇ ಬಂತು, ತಗೊಳ್ಲಾ?"

"ಮುಂದೆ ನೋಡ್ಕೊಂಡು ಓಡ್ಸು."

ವಡೋದರಾ ಅಜ್ಜಿ ಎಂದರೆ ನನ್ನ ತಂಗಿ ಕಮಲಾಕ್ಷಿ. ಏಳು ವರ್ಷದ ಹಿಂದೆ ನಮ್ಮ ಗೃಹಪ್ರವೇಶದ ಪಂಕ್ತಿಯಲ್ಲಿ ಕೂತು, "ಅಕ್ಕನ ಸಾರು ಗುಜರಾತಿ ದಾಳ್ ಆಗ್ಹೋಗಿದೆ, ಬರೀ ಬೆಲ್ಲ" ಎಂದಳು. ನೂರು ಜನ ನಕ್ಕರು. ಅಂದಿನಿಂದ ನಾನು ಅವಳೊಂದಿಗೆ ಮಾತಾಡಿಲ್ಲ. ಬೆಲ್ಲ ಅಂದು ಸ್ವಲ್ಪ ಹೆಚ್ಚೇ ಬಿದ್ದಿತ್ತು. ಅದು ಬೇರೆ ವಿಷಯ.

ಮನೆಗೆ ಬಂದು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಹೊತ್ತು ಮುಗಿಯಿತಲ್ಲಮ್ಮಾ, ಹಾಗಾದರೆ ಕಥೆಯೂ ಮುಗಿಯಿತು ಎಂದರು ಒಬ್ಬರು. ಸ್ವಾಮೀ, ನಾನು ಎಸ್‌ಎಸ್‌ಎಲ್‌ಸಿ ಪಾಸಾದವಳು. ಕಥೆ ಎಲ್ಲಿ ಮುಗಿಯುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಿಮ್ಮ ಮನೆಯಲ್ಲಿ ಊಟಕ್ಕೆ ಕೂತವರನ್ನೂ ಗಡಿಯಾರ ನೋಡಿ ಮಜ್ಜಿಗೆ ಅನ್ನಕ್ಕೆ ಮೊದಲೇ ಎಬ್ಬಿಸುತ್ತೀರಾ?

ಈ ತಿಂಗಳ ಕೊನೆಯ ಭಾನುವಾರ ಸಾರಿನ ಪುಡಿಯ ಡಬ್ಬಿ ಹಿಡಿದು ವಡೋದರಾಗೆ ಹೋಗುವವಳಿದ್ದೇನೆ. ಸಮೀಕ್ಷಾಳೇ ಕಾರು ಓಡಿಸುತ್ತಾಳೆ. ಅದಕ್ಕೆ ಮೊದಲು ಆ ಕಥೆಯನ್ನು ಬರೆದವರ ಹೆಸರು ಹೇಳಿ, ಪೂರ್ತಿಯಾಗಿ ಇನ್ನೊಮ್ಮೆ ಪ್ರಸಾರ ಮಾಡತಕ್ಕದ್ದು. ಬಾಗಿಲು ತೆರೆಯಿತೋ ಇಲ್ಲವೋ, ಅದನ್ನು ನಾನು ಹೋಗಿ ನೋಡಿಕೊಳ್ಳುತ್ತೇನೆ. ಒಳಗಿಂದ "ಯಾರು?" ಎಂದಾಗ ಆ ತಂಗಿ ಏನು ಹೇಳಿದಳು, ಅಷ್ಟು ತಿಳಿಸಿ. ನನಗೆ ಇನ್ನೂ ಹೊಳೆದಿಲ್ಲ.

ಇಂತಿ,
ಡಬ್ಬಿ ಕಟ್ಟಿಟ್ಟುಕೊಂಡು ಮಾತು ಹುಡುಕುತ್ತಿರುವ
ಶಾರದಾ ಸುಬ್ಬರಾಯ
ಸ್ಯಾಟಲೈಟ್ ಬಡಾವಣೆ, ಅಹಮದಾಬಾದ್