ಮೊಲದ ಕನ್ನಡಿ

ಗಡಿಯಾರ ರಿಪೇರಿ ಅಂಗಡಿಯವರಿಗೆ ನಮಸ್ಕಾರ.

"ಒಂದೇ ಸಾಕು ಮೇಡಂ, ನಾನೂ ಒಬ್ಬನೇ ಇರೋನು" ಎಂದು ಫೋನಿನಲ್ಲಿ ಹೇಳಿದಿರಿ. ಕ್ಷಮಿಸಿ, ಕಂದು ಮೊಲವೊಂದನ್ನೇ ಕೊಡಲಾಗದು. ಒಂಟಿ ಮೊಲ ಊಟ ಬಿಡುತ್ತದೆ. ಯಾರೋ ಬಸ್ ನಿಲ್ದಾಣದಲ್ಲಿ ಬಿಟ್ಟುಹೋಗಿದ್ದ ಇದು ನಮ್ಮಲ್ಲಿಗೆ ಬಂದಾಗ ಎರಡು ದಿನ ಹುಲ್ಲನ್ನು ಮೂಸಿಯೂ ನೋಡಲಿಲ್ಲ. ಕೊನೆಗೆ ನನ್ನ ಬೀರುವಿನ ಕನ್ನಡಿ ಬಿಚ್ಚಿ ಪಂಜರದಲ್ಲಿಟ್ಟೆ. ಅದಕ್ಕೆ ಒರಗಿ ಕೂತು ತಿಂದಿತು. ಆಮೇಲೆ ಬಿಳಿಯದು ಬಂತು. ಈಗ ಒಂದನ್ನು ಬಿಟ್ಟು ಒಂದು ಇರುವುದಿಲ್ಲ. ದಯವಿಟ್ಟು ಎರಡನ್ನೂ ಇಟ್ಟುಕೊಳ್ಳಿ.

ಮೊಲ ಕೊಡುವ ಮುಂಚೆ, ಬಿಟ್ಟುಹೋದ ಮೊಲಗಳಿಗೆ ಮನೆ ಹುಡುಕುವ ನಮ್ಮ ಬಳಗದ ಇಬ್ಬರು ಬಂದು ಮನೆ ನೋಡುವುದು ನಿಯಮ. ಏಳು ಜನರಿದ್ದೆವು. ಒಬ್ಬರಿಗೆ ಮಗುವಾಯಿತು, ಒಬ್ಬರಿಗೆ ವರ್ಗವಾಯಿತು, ಟೀಚರೊಬ್ಬರಿಗೆ ಮೊಲದ ಕೂದಲಿಗೆ ಸೀನು ನಿಲ್ಲಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು. ನೀವು ನೋಡಿದ ಪೋಸ್ಟರಿನಲ್ಲಿರುವ ಏಳು ನಂಬರುಗಳಲ್ಲಿ ಈಗ ಫೋನ್ ಎತ್ತುವವಳು ನಾನೊಬ್ಬಳೇ. ಹಾಗಾಗಿ ಭಾನುವಾರ ಒಬ್ಬಳೇ ಬರುತ್ತೇನೆ. ಅಷ್ಟರಲ್ಲಿ ನೆಲದ ಮೇಲಿನ ವೈರುಗಳನ್ನೆಲ್ಲ ಎತ್ತಿ ಕಟ್ಟಿಸಿ, ಇವು ಕಡಿಯದೆ ಬಿಡುವುದಿಲ್ಲ.

ಪೋಸ್ಟರಿನ ಫೋಟೊದಲ್ಲಿ ಕಂಡ ಕನ್ನಡಿಯೂ ಪಂಜರದ ಜೊತೆ ಬರುತ್ತದೆಯೇ ಎಂದು ಕೇಳಿದ್ದಿರಿ. ಜೋಡಿಗೆ ಅದು ಬೇಕಿಲ್ಲ. ಅದೀಗ ಅಡುಗೆಮನೆಯ ಮೇಜಿನ ಮೇಲೆ, ನನ್ನ ತಟ್ಟೆಯ ಎದುರಿಗಿದೆ. ಅಲ್ಲೇ ಇರಲಿ.

ಬಳಗದ ಎಲ್ಲರ ಪರವಾಗಿ,
ಮೊಲದ ಮೇಡಂ